ಹಳ್ಳ ದಾಟಿದ ಮೇಲೆ ಕೆಮ್ಮಿದ ಜೀಪು

ಮೂಡಿಗೆರೆ ಕಡೆಯ ಜುಲೈ ಮಳೆ. ತೋಟದ ದಾರಿಯ ಹಳ್ಳದಲ್ಲಿ ನೀರು ಬಂಪರ್ ಮುಟ್ಟಿತ್ತು. ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು, ಫೋರ್ ವೀಲ್ ಲೋ ಹಾಕಿ ದಾಟಿದೆ. ಆಚೆ ದಡ ಹತ್ತುವಾಗ ನನ್ನ ಹಳೇ ಡೀಸೆಲ್ ಜೀಪು ಎರಡು ಸಲ ಕೆಮ್ಮಿ ನಿಂತೇ ಹೋಯಿತು.

ಕೈ ತಾನಾಗೇ ಸೆಲ್ಫ್ ಕಡೆ ಹೋಗುತ್ತೆ, ಅಲ್ವಾ? ತಡೆದೆ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಸೆಲ್ಫ್ ಹೊಡೆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗಬಹುದು. ಮೊದಲು ಏರ್ ಫಿಲ್ಟರ್ ಬಿಚ್ಚಿದೆ. ಒಣಗಿಯೇ ಇತ್ತು. ಎಂಜಿನ್ ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಕಪ್ಪಗಿತ್ತು, ನೀರು ಸೇರಿದರೆ ಬರುವ ಹಾಲು ಬೆರೆತ ಕಾಫಿ ಬಣ್ಣ ಇರಲಿಲ್ಲ. ಅರ್ಧ ಜೀವ ಬಂತು.

ಉಳಿದದ್ದು ಡೀಸೆಲ್. ಫಿಲ್ಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಕತ್ತರಿಸಿದ ಬಾಟಲಿ ಹಿಡಿದೆ. ಐದು ನಿಮಿಷ ಸುಮ್ನೆ ಇಟ್ಟೆ. ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ! ಟ್ಯಾಂಕಿಗೆ ಗಾಳಿಯಾಡಲು ಇರುವ ಬ್ರೀದರ್ ಪೈಪು ಕ್ಲಿಪ್ ಬಿಟ್ಟು ಕೆಳಗೆ ನೇತಾಡುತ್ತಿತ್ತು. ವಾರದಿಂದ ದಾಟಿದಾಗೆಲ್ಲ ಒಂದೊಂದು ಗುಟುಕು ಕುಡಿದಿದೆ.

ಬರೀ ಡೀಸೆಲ್ ಬರುವ ತನಕ ಬಿಟ್ಟು, ಕೈ ಪಂಪು ಒತ್ತಿ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆದೆ. ಮೂರನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಮರುದಿನ ಟ್ಯಾಂಕ್ ಇಳಿಸಿ ತೊಳೆಸಿದೆ, ಫಿಲ್ಟರ್ ಬದಲಿಸಿದೆ, ಪೈಪನ್ನು ಎತ್ತರಕ್ಕೆ ಕಟ್ಟಿದೆ. ಯಾವುದಕ್ಕೂ ಇರಲಿ ಅಂತ ಚಕ್ರಗಳ ನಡುವಿನ ಗೇರು ಗುಂಡು, ಡಿಫರೆನ್ಷಿಯಲ್‌ನ ಆಯಿಲ್ ನೋಡಿದರೆ, ಅದು ಮಾತ್ರ ಕಾಫಿಯೇ ಆಗಿತ್ತು.