ಹೇಳದೆ ಕಲಿಸುವುದು: ಕುಕ್ಕರ್, ಹತ್ತರ ನೋಟು, ಬಸ್ಸು

ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರಿಗೆ ಅಡುಗೆ ಕಲಿಸುವಾಗ ಬಿಡಿಸಲು ಅತಿ ಕಷ್ಟವಾದ ಆಸರೆ ಎಂದರೆ ನಮ್ಮ ಮಾತು. ಕೈ ಹಿಡಿದು ಮಾಡಿಸಿದ್ದನ್ನು ಮೆಲ್ಲಗೆ ಸಡಿಲಿಸಬಹುದು: ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಗೆ ಒಂದು ತಾಗು, ಕೊನೆಗೆ ಏನೂ ಇಲ್ಲ. ಸನ್ನೆಯನ್ನೂ ಚಿಕ್ಕದು ಮಾಡುತ್ತಾ ಹೋಗಬಹುದು. ಆದರೆ "ಈಗ ನೀರು ಹಾಕಿ" ಎಂಬ ಮಾತನ್ನು ಹೇಳಬೇಕು, ಇಲ್ಲವೇ ಬಿಡಬೇಕು. ನಡುವೆ ಮೆಟ್ಟಿಲುಗಳು ಕಡಿಮೆ. ಪ್ರತಿ ಹೆಜ್ಜೆಗೂ ಹೇಳಿಸಿಕೊಂಡು ಕಲಿತವರು ಮುಂದಿನ ಮಾತಿಗಾಗಿ ನಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ. ಅದಕ್ಕೇ ನಮ್ಮ ಪಾಠದಲ್ಲಿ ಮಾತು ಕೊನೆಯ ಉಪಾಯ.

ಕಲಿಸುವುದು ಅವರ ಮನೆಯ ಅಡುಗೆಮನೆಯಲ್ಲಿ, ಅವರ ಮನೆಯ ಒಲೆಯ ಮೇಲೆ. ತರಬೇತಿ ಕೇಂದ್ರದಲ್ಲಿ ಕಲಿತದ್ದು ಮನೆಗೆ ತಾನಾಗಿ ಬರುವುದಿಲ್ಲ. ನಾಬ್ ತಿರುಗುವ ದಿಕ್ಕು ಬೇರೆಯಾದರೂ ಸಾಕು, ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲ ದಿನ ನಾವೇ ಅಲ್ಲಿ ಒಂದು ಸಲ ಅನ್ನ ಮಾಡಿ, ಕೈ ಏನೇನು ಮಾಡಿತು ಎಂದು ಬರೆದುಕೊಳ್ಳುತ್ತೇವೆ. ಒಳಮುಚ್ಚಳದ ಕುಕ್ಕರಾದರೆ ಸಾಮಾನ್ಯವಾಗಿ 14 ಹೆಜ್ಜೆ: ಕೈ ತೊಳೆಯುವುದು, ಪಾತ್ರೆಗೆ 1 ಲೋಟ ಅಕ್ಕಿ, ತೊಳೆದು ಬಸಿಯುವುದು, 2 ಲೋಟ ನೀರು, ಕುಕ್ಕರ್ ತಳಕ್ಕೆ 1 ಲೋಟ ನೀರು, ಪಾತ್ರೆ ಇಳಿಸುವುದು, ಮುಚ್ಚಳದ ತೂತನ್ನು ಬೆಳಕಿಗೆ ಹಿಡಿದು ನೋಡುವುದು, ಗ್ಯಾಸ್ಕೆಟ್ ಕೂರಿಸಿ ಮುಚ್ಚುವುದು, ಒಲೆ ಹಚ್ಚುವುದು, ಮೂರು ಕೂಗು, ಆರಿಸುವುದು, 15 ನಿಮಿಷದ ಟೈಮರ್, ವೆಯ್ಟ್ ಎತ್ತಿ ನೋಡುವುದು, ಮುಚ್ಚಳ ತೆಗೆದು ಬಡಿಸುವುದು. ಸೋನಾ ಮಸೂರಿಗೆ ಈ ಅಳತೆ ಸರಿ. ಮನೆಯವರಿಗೆ ಅನ್ನ ಇನ್ನೂ ಮೆತ್ತಗೆ ಬೇಕೆಂದರೆ "ಎರಡೂವರೆ ಲೋಟ" ಎನ್ನಬೇಡಿ. ಅರ್ಧದ ಅಳತೆಯಲ್ಲೇ ಹೆಚ್ಚು ತಪ್ಪಾಗುವುದು. ನೀರಿಗೆ ಸ್ವಲ್ಪ ದೊಡ್ಡದಾದ ಬೇರೆ ಲೋಟ ಕೊಡಿ, ಎಣಿಕೆ ಎರಡೇ ಇರಲಿ.

ಹೊಸ ಕುಕ್ಕರ್ ಕೊಳ್ಳುವ ಮನೆಗೆ ಒಳಮುಚ್ಚಳದ್ದನ್ನೇ ಹೇಳುತ್ತೇವೆ. ಒಳಗೆ ಒತ್ತಡ ಇರುವವರೆಗೆ ಅದರ ಮುಚ್ಚಳ ಬಿಚ್ಚಿಕೊಳ್ಳುವುದಿಲ್ಲ. ಅವಸರದ ಕೈಗೆ ಅದೇ ಕಾವಲು. ಹಬೆ ಬಂದ ಮೇಲೆ ವೆಯ್ಟ್ ಇಡುವ ಹೆಜ್ಜೆಯೂ ಇರುವುದಿಲ್ಲ. ಒಂದೇ ತೊಡಕು, ಮುಚ್ಚಳವನ್ನು ಓರೆಯಾಗಿ ಒಳಗಿಳಿಸಿ ತಿರುಗಿಸಿ ಎತ್ತುವ ಕೈಚಳಕ. ಅದನ್ನು ಅನ್ನದ ಜೊತೆ ಕಲಿಸಬೇಡಿ. ತಣ್ಣಗಿನ ಖಾಲಿ ಕುಕ್ಕರಿನಲ್ಲಿ ದಿನಕ್ಕೆ ಹತ್ತು ಸಲ, ಕೈಗೆ ಕೂರುವ ತನಕ, ಬೇರೆಯಾಗಿಯೇ ಮಾಡಿಸಿ.

ಕಲಿಸುವುದು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ. ಮೊದಲ ವಾರ 13 ಹೆಜ್ಜೆ ನಾವು ಮಾಡಿ, ಮುಚ್ಚಳ ತೆಗೆದು ಬಡಿಸುವುದನ್ನು ಅವರಿಗೆ ಬಿಡುತ್ತೇವೆ. ಮುಚ್ಚಳದ ದೂರದ ಅಂಚನ್ನು ಮೊದಲು ಎತ್ತಿಸಿ. ಹಬೆ ಮುಖದಿಂದ ಆಚೆ ಹೋಗುತ್ತದೆ. ಮೂರು ದಿನ ಸತತವಾಗಿ ತಾವೇ ಮಾಡಿದರೆ 13ನೆಯದನ್ನೂ ಸೇರಿಸುತ್ತೇವೆ. ಹೀಗೆ ಮಾಡಿದರೆ ಪ್ರತಿ ದಿನದ ಪಾಠವೂ ಅವರ ಕೈಯಿಂದಲೇ, ತಟ್ಟೆಯಲ್ಲಿ ಬಿಸಿ ಅನ್ನದೊಂದಿಗೆ ಮುಗಿಯುತ್ತದೆ. ಮೊದಲ ಹೆಜ್ಜೆಯಿಂದ ಶುರು ಮಾಡಿದರೆ ಅಕ್ಕಿ ತೊಳೆದಲ್ಲಿಗೆ ಅವರ ಪಾಲು ಮುಗಿದು, ಊಟದ ಹೊತ್ತಿಗೆ ಗಮನ ಬೇರೆಲ್ಲೋ ಹೋಗಿರುತ್ತದೆ.

ನಮ್ಮ ಬದಲು ಸಾಮಾನೇ ಸುಳಿವು ಕೊಡುವಂತೆ ಜೋಡಿಸಬೇಕು. ಲೋಟ ಅಕ್ಕಿ ಡಬ್ಬಿಯೊಳಗೇ ಇರಲಿ. ಗ್ಯಾಸ್ಕೆಟ್ ತೊಳೆದ ಮೇಲೆ ಸಿಂಕಿನ ಬಳಿ ಉಳಿಯದೆ ಕುಕ್ಕರಿನೊಳಗೇ ಸೇರಲಿ. ಎಲ್ಲರೂ ಹೆಚ್ಚಾಗಿ ಮರೆಯುವುದು ತಳದ ನೀರು. ಮರೆತರೆ ತಳ ಸುಟ್ಟು, ಗ್ಯಾಸ್ಕೆಟ್ ಹಾಳಾಗುತ್ತದೆ. ಅದಕ್ಕೆ ನಾವು ಕುಕ್ಕರನ್ನು ಕಪಾಟಿನಿಂದ ತೆಗೆಯುವಾಗಲೇ ಒಳಗೊಂದು ಲೋಟ ಇರುವಂತೆ ಇಡುತ್ತೇವೆ. ಲೋಟ ತೆಗೆಯದೆ ಪಾತ್ರೆ ಇಳಿಯುವುದಿಲ್ಲ. ತೆಗೆದ ಲೋಟ ಕೈಯಲ್ಲಿದ್ದರೆ ನಲ್ಲಿ ನೆನಪಾಗುತ್ತದೆ. ಎಣಿಕೆ ಬಾರದವರಿಗೆ ಒಲೆಯ ಪಕ್ಕ ಒಂದು ಬಟ್ಟಲಲ್ಲಿ ಮೂರು ಹುಣಸೆ ಬೀಜ. ಒಂದು ಕೂಗಿಗೆ ಒಂದು ಬೀಜ ಪಕ್ಕದ ಬಟ್ಟಲಿಗೆ. ಬಟ್ಟಲು ಬರಿದಾದರೆ ಒಲೆ ಆರಿಸುವುದು. ಕೂಗಿದರೂ ಬೀಜ ಎತ್ತದವರಿದ್ದರೆ "ಲಕ್ಷ್ಯವಿಲ್ಲ" ಎಂದು ಬರೆಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕಿವಿ ಮಂದವಾಗಿರುವುದು ಸಾಮಾನ್ಯ.

ಗ್ಯಾಸ್ ಒಲೆಯಲ್ಲಿ ಲೈಟರನ್ನು ಬರ್ನರಿಗೆ ಹಿಡಿದ ಮೇಲೆಯೇ ನಾಬ್ ತಿರುಗಿಸಬೇಕು. ಕೈ ನಿಧಾನವಿರುವವರು ಮೊದಲು ನಾಬ್ ತಿರುಗಿಸಿ ಲೈಟರ್ ಹುಡುಕುವಷ್ಟರಲ್ಲಿ ಗ್ಯಾಸ್ ತುಂಬಿರುತ್ತದೆ. ಫಿಟ್ಸ್ ಬರುವವರನ್ನು ಉರಿಯ ಮುಂದೆ ಒಂಟಿಯಾಗಿ ಬಿಡಲೇಬಾರದು. ಅವರಿಗೆ ಇಂಡಕ್ಷನ್ ಒಲೆ ವಾಸಿ, ಆದರೆ ತಳ ಇಂಡಕ್ಷನ್‌ಗೆ ಹೊಂದುವ ಕುಕ್ಕರೇ ಬೇಕು. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಬಿಸಿ ಕುಕ್ಕರ್ ಎತ್ತುವ ಕೆಲಸ ಅಲ್ಲೂ ಬೇರೆಯವರದೇ.

ಒಂದು ಹೆಜ್ಜೆಯಲ್ಲಿ ನಿಂತರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯುತ್ತೇವೆ. ಆ ಹತ್ತು ಸೆಕೆಂಡು ಕಲಿಸುವವರಿಗೇ ಕಷ್ಟ. ನಾಲ್ಕಕ್ಕೇ ಬಾಯಿ ತೆರೆದುಕೊಳ್ಳುತ್ತದೆ. ಆಮೇಲೂ ಆಗದಿದ್ದರೆ ಸನ್ನೆ, ಅದೂ ಸಾಲದಿದ್ದರೆ ಕೈ. ಚೀಟಿಯಲ್ಲಿ ಪ್ರತಿ ಹೆಜ್ಜೆಯ ಮುಂದೆ "ತಾನೇ", "ಸನ್ನೆ", "ಕೈ", "ಮಾತು" ಎಂದು ಒಂದೊಂದೇ ಪದ. ಎರಡು ವಾರ ಒಂದೇ ಸಾಲಿನಲ್ಲಿ "ಕೈ" ಎಂದೇ ಬಂದರೆ ಆ ಹೆಜ್ಜೆ ತುಂಬ ದೊಡ್ಡದು, ಅದನ್ನು ಎರಡಾಗಿ ಒಡೆಯಬೇಕು. ತಪ್ಪು ಕಲಿಯುವವರದಲ್ಲ, ನಮ್ಮ ಪಟ್ಟಿಯದು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರೆ ಈ ಚೀಟಿಗೆ ಅರ್ಥವೇ ಇಲ್ಲ, ಅವರ ಹುಬ್ಬು ಕುಣಿದರೂ ಅದು ಸುಳಿವೇ. ಪಾಠದ ಹೊತ್ತು ಅವರು ಹಾಲ್‌ನಲ್ಲಿ ಕೂರಬೇಕೆಂದು ಮೊದಲೇ ಮಾತಾಡಿಕೊಳ್ಳುತ್ತೇವೆ. ಇನ್ನೊಂದು ಮಾತು: ಮೂವತ್ತು ದಾಟಿದವರನ್ನು "ಪುಟ್ಟ", "ಚಿನ್ನ" ಎನ್ನುವುದನ್ನು ನಾವು ಒಪ್ಪುವುದಿಲ್ಲ. ಹೆಸರು ಹಿಡಿದು, "ನೀವು" ಎಂದೇ ಮಾತಾಡಿಸುವುದು.

ದುಡ್ಡಿಗೆ ನಾವು ಹಿಡಿದ ದಾರಿ "ಒಂದು ಹತ್ತು ಹೆಚ್ಚಿಗೆ". ಪರ್ಸಿನಲ್ಲಿ ಹತ್ತರ ನೋಟುಗಳು ಮಾತ್ರ. ಅಂಗಡಿಯವರು "ಮೂವತ್ತನಾಲ್ಕು" ಎಂದರೆ "ಮೂವತ್ತು" ಎಂಬುದಷ್ಟೇ ಮುಖ್ಯ: ಮೂರು ನೋಟು, ಮೇಲೊಂದು, ಚಿಲ್ಲರೆಗೆ ಕೈ ಚಾಚುವುದು. ಕೂಡುವ, ಕಳೆಯುವ ಲೆಕ್ಕವೇ ಬೇಡ. ಈ ವಿಧಾನಕ್ಕೆ ಕನ್ನಡ ಚೆನ್ನಾಗಿ ಒದಗುತ್ತದೆ, ಏಕೆಂದರೆ ನಮ್ಮಲ್ಲಿ ಹತ್ತರ ಸ್ಥಾನ ಮೊದಲು ಕಿವಿಗೆ ಬೀಳುತ್ತದೆ. ಹಿಂದಿಯ "ಚೌಂತೀಸ್"ನಲ್ಲಿ ನಾಲ್ಕು ಮೊದಲು ಬಂದು ನಾಲ್ಕು ನೋಟಿನ ಮೇಲೆ ಇನ್ನೊಂದು ಹೋಗಿಬಿಡುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳುವುದರಿಂದ "ಕ್ಯಾಲ್ಕುಲೇಟರ್‌ನಲ್ಲಿ ತೋರಿಸಿ" ಎಂಬ ಒಂದು ವಾಕ್ಯವನ್ನು ಕಡ್ಡಾಯವಾಗಿ ಕಲಿಸುತ್ತೇವೆ. ಬೇರೆ ನೋಟುಗಳನ್ನು ಸೇರಿಸುವಾಗ ಹುಷಾರು: ಹಸಿರು-ಹಳದಿಯ 20, ಹಳದಿಯ 200 ಮಂದ ಬೆಳಕಿನಲ್ಲಿ ಒಂದರಂತೆ ಒಂದು ಕಾಣುತ್ತವೆ. ಅಗಲದಲ್ಲಿ ವ್ಯತ್ಯಾಸ ಬರಿ 3 ಮಿಲಿಮೀಟರ್, ಉದ್ದದಲ್ಲಿ 17. ಒಂದರ ಮೇಲೊಂದು ಇಟ್ಟು ಉದ್ದ ನೋಡುವುದನ್ನು ಕಲಿಸಿ. 200 ಪರ್ಸಿನ ಇನ್ನೊಂದು ಅರೆಯಲ್ಲೇ ಇರಲಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡುವ ಅಭ್ಯಾಸವೇ ಇಲ್ಲ. ಆ ಪಾಠ ಪೂರ್ತಿ ಅಂಗಡಿಗೆ ಹೋಯಿತು. ಬಸ್ಸಿನಲ್ಲಿ ಈಗ ಕಲಿಸುವುದು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆದು, ಇಳಿಯುವವರೆಗೆ ಇಟ್ಟುಕೊಳ್ಳುವುದು. ಬಸ್ ನಂಬರನ್ನು ಬಾಲದ ಅಕ್ಷರದ ಸಮೇತ ಚೀಟಿಯಲ್ಲಿ ಬರೆದುಕೊಟ್ಟು ಬೋರ್ಡಿಗೆ ಹೋಲಿಸಿ ನೋಡಿಸಬೇಕು. ಬೆಂಗಳೂರಿನ 500 ನಂಬರಿನ ಬಸ್ಸುಗಳಲ್ಲಿ ಕೊನೆಯ ಅಕ್ಷರ ಬದಲಾದರೆ ದಾರಿಯೇ ಬದಲಾಗುತ್ತದೆ. ಸ್ಟಾಪ್ ಎಣಿಸುವುದನ್ನು ಕಲಿಸಬೇಡಿ, ಇಳಿಯುವವರಿಲ್ಲದ ಸ್ಟಾಪಿನಲ್ಲಿ ಬಸ್ಸು ನಿಲ್ಲದಿರಬಹುದು. ಇಳಿಯುವ ಜಾಗಕ್ಕೆ ಸ್ವಲ್ಪ ಮೊದಲು ಬರುವ ಫ್ಲೈಓವರ್, ದೇವಸ್ಥಾನದ ಗೋಪುರದಂಥ ಗುರುತು ಹಿಡಿದು, ಅದು ಕಂಡಾಗ ಎದ್ದು ಬಾಗಿಲಿಗೆ ಬರುವುದನ್ನು ರೂಢಿಸಿ. ನಾವು ಮೊದಲು ಪಕ್ಕದ ಸೀಟು, ಆಮೇಲೆ ಹಿಂದಿನದು, ಆಮೇಲೆ ಕೊನೆಯ ಸಾಲು, ಆಮೇಲೆ ಇಳಿಯುವ ಸ್ಟಾಪಿನಲ್ಲಿ ಕಾಯುವುದು. ಒಂಟಿಯಾಗಿ ಕಳಿಸುವ ಮೊದಲು ಬೇಕೆಂದೇ ಸ್ಟಾಪ್ ತಪ್ಪಿಸಿ, ಕನಿಷ್ಠ ಐದು ಸಲ ಮಾಡಿಸುವ ಅಭ್ಯಾಸ ಒಂದಿದೆ: ಮುಂದಿನ ಸ್ಟಾಪಿನಲ್ಲಿ ಇಳಿಯುವುದು, ಅಲ್ಲೇ ನಿಲ್ಲುವುದು, ಫೋನ್ ಮಾಡುವುದು, ಕಣ್ಣಿಗೆ ಕಂಡ ಅಂಗಡಿಯ ಬೋರ್ಡಿನ ಫೋಟೋ ತೆಗೆದು ಕಳಿಸುವುದು.