ಲಿನಕ್ಸ್‌ನಲ್ಲಿ ಮೈಕ್ ಮೂಕವಾದಾಗ

ಶಿವಮೊಗ್ಗದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ಬೆಳಿಗ್ಗೆ ಹತ್ತೂವರೆ. ಹನ್ನೊಂದಕ್ಕೆ ಅವಳಿಗೆ ಕೆಲಸದ ಆನ್‌ಲೈನ್ ಸಂದರ್ಶನ. "ಅಣ್ಣಾ, ಗೆಳತಿಗೆ ಕಾಲ್ ಮಾಡಿ ನೋಡ್ದೆ. ಅವಳ ಮಾತು ನಂಗೆ ಕೇಳತ್ತೆ, ನಂದು ಅವಳಿಗೆ ಕೇಳಲ್ಲ. ಎಲ್ಲ ನೀನು ಹಾಕಿಕೊಟ್ಟ ಲಿನಕ್ಸಿಂದ!" ಅವಳ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ನಾನೇ. ಬೈಗುಳವೂ ನನಗೇ ಸಲ್ಲಬೇಕಲ್ಲ.

ಇಂಥ ಹೊತ್ತಲ್ಲಿ ಸಿಕ್ಕಸಿಕ್ಕ ಗುಂಡಿ ಒತ್ತಿದರೆ ಕೆಲಸ ಇನ್ನಷ್ಟು ಕೆಡುತ್ತದೆ. ತೊಂದರೆ ಲಿನಕ್ಸ್‌ನಲ್ಲಿದೆಯೋ ಬ್ರೌಸರಿನಲ್ಲಿದೆಯೋ ಎಂದು ಮೊದಲು ತಿಳಿದುಕೊಳ್ಳಬೇಕು. ಆಮೇಲಿನದು ಸುಲಭ.

1. ಐದು ಸೆಕೆಂಡಿನ ಪರೀಕ್ಷೆ

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. 'ಎ' ಅಕ್ಷರಕ್ಕೆ ಅಂಟಿಸಿಯೇ 'ರೆಕಾರ್ಡ್' ಎಂದು ಬರೆದು, ಸ್ಪೇಸ್ ಬಿಟ್ಟು 'ಮೈನಸ್ ಡಿ' (ಮೈನಸ್ ಗುರುತಿಗೆ ಅಂಟಿಸಿ ಡಿ ಅಕ್ಷರ), ಮತ್ತೆ ಸ್ಪೇಸ್ ಬಿಟ್ಟು 5, ಕೊನೆಗೆ ಸ್ಪೇಸ್ ಬಿಟ್ಟು ಫೈಲಿನ ಹೆಸರು 'ಟೆಸ್ಟ್'. ಎಂಟರ್ ಒತ್ತಿ ಐದು ಸೆಕೆಂಡ್ ಏನಾದರೂ ಮಾತಾಡಿ. ನಂತರ 'ಎ' ಮತ್ತು 'ಪ್ಲೇ' ಸೇರಿಸಿ ಬರೆದು, ಅದೇ ಫೈಲಿನ ಹೆಸರು ಕೊಟ್ಟು ಕೇಳಿ. ದನಿ ಹಳೇ ಟ್ರಂಕ್ ಕಾಲ್ ಥರ ಗರಗರ ಅನ್ನುತ್ತದೆ. ಹೆದರಬೇಡಿ, ಈ ಕಮಾಂಡ್ ಬೇರೇನೂ ಹೇಳದಿದ್ದರೆ ತೀರಾ ಕಡಿಮೆ ಗುಣಮಟ್ಟದಲ್ಲೇ ರೆಕಾರ್ಡ್ ಮಾಡುತ್ತದೆ.

ನಿಮ್ಮ ದನಿ ವಾಪಸ್ ಬಂತಾ? ಹಾಗಾದರೆ ಲಿನಕ್ಸ್ ಸರಿಯಾಗಿದೆ, ತಪ್ಪು ಬ್ರೌಸರಿನಲ್ಲಿದೆ. ವಿಳಾಸದ ಪಟ್ಟಿಯ ಎಡತುದಿಯ ಚಿಕ್ಕ ಗುರುತನ್ನು ಒತ್ತಿ, ಆ ತಾಣಕ್ಕೆ ಮೈಕ್ ಅನುಮತಿ ಇದೆಯೇ ನೋಡಿ. ಮೊದಲ ಸಲ ಕೇಳಿದಾಗ ಅವಸರದಲ್ಲಿ 'ಬ್ಲಾಕ್' ಒತ್ತಿದ್ದರೆ ಕೆಲವು ಬ್ರೌಸರುಗಳು ಮತ್ತೆ ಕೇಳುವುದೇ ಇಲ್ಲ. ವಿಡಿಯೊ ಕಾಲ್ ತಾಣದ ಒಳಗೂ ಬೇರೆ ಮೈಕ್ ಪಟ್ಟಿ ಇರುತ್ತದೆ, ಅದನ್ನೂ ನೋಡಿ.

ದನಿ ಬರಲಿಲ್ಲವೆಂದರೆ ಮುಂದೆ ಓದಿ. ನಮ್ಮ ಹುಡುಗಿಗೂ ಬರಲಿಲ್ಲ.

2. ಕೈಗೆ ಸಿಗುವುದನ್ನು ನೋಡಿ

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ ಬಂದ್ ಮಾಡುವ ಕೀ ಇರುತ್ತದೆ, ಅದರ ಮೇಲೆ ಪುಟ್ಟ ದೀಪವೂ ಇರುತ್ತದೆ. ಡೆಸ್ಕ್‌ಟಾಪ್ ಆದರೆ ಹಿಂದೆ ಸಾಮಾನ್ಯವಾಗಿ ಗುಲಾಬಿ ತೂತು ಮೈಕ್‌ಗೆ, ಹಸಿರು ಸ್ಪೀಕರಿಗೆ. ಮೊಬೈಲ್ ಇಯರ್‌ಫೋನಿನ ಪಿನ್ ಗಮನಿಸಿ. ಮೂರು ಉಂಗುರ ಇದ್ದರೆ ಮೈಕ್ ಸಹಿತದ್ದು, ಎರಡೇ ಇದ್ದರೆ ಕೇಳುವುದಕ್ಕೆ ಮಾತ್ರ. ಮೂರು ಉಂಗುರದ್ದನ್ನು ಹಸಿರು ತೂತಿಗೆ ಚುಚ್ಚಿ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ. ಒಂದು ಪಿನ್ನನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಬೇಕು.

3. ಪಾವುಕಂಟ್ರೋಲ್ ಹಾಕಿಕೊಳ್ಳಿ

ಡೆಸ್ಕ್‌ಟಾಪಿನ ಜೊತೆಗೇ ಬರುವ ಸೌಂಡ್ ಸೆಟ್ಟಿಂಗ್ಸ್ ಸಾಕಷ್ಟು ವಿಷಯವನ್ನು ಮುಚ್ಚಿಡುತ್ತದೆ. ಅದಕ್ಕೆ ಬದಲು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಪಾವುಕಂಟ್ರೋಲ್ ಎಂಬ ಸೌಂಡ್ ಹೊಂದಿಸುವ ಪ್ರೋಗ್ರಾಂ ಸಿಗುತ್ತದೆ (ಪಿ, ಎ, ವಿ, ಯು ಅಕ್ಷರಗಳಿಗೆ ಅಂಟಿಸಿ 'ಕಂಟ್ರೋಲ್'). ಮೆನುವಿನಲ್ಲಿ ಅದು 'ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್' ಎಂದು ಕಾಣಬಹುದು. ನನ್ನ ಮಟ್ಟಿಗೆ ಲಿನಕ್ಸ್ ಸೌಂಡ್ ಸರಿಮಾಡಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ.

ಅದರಲ್ಲಿ ಐದು ಟ್ಯಾಬ್. ಕೊನೆಯದರಿಂದ ಶುರುಮಾಡಿ. 'ಕಾನ್ಫಿಗರೇಶನ್'ನಲ್ಲಿ ನಿಮ್ಮ ಸೌಂಡ್ ಕಾರ್ಡಿನ ಪ್ರೊಫೈಲ್, ಅಂದರೆ ಕಾರ್ಡ್ ಯಾವ ರೀತಿ ಕೆಲಸ ಮಾಡಬೇಕೆಂಬ ಆಯ್ಕೆ, ಇರುತ್ತದೆ. ಅಲ್ಲಿ 'ಅನಲಾಗ್ ಸ್ಟೀರಿಯೊ ಔಟ್‌ಪುಟ್' ಅಂತಿದ್ದರೆ ಹಾಡು ಕೇಳುತ್ತದೆ, ಮೈಕ್ ಮಾತ್ರ ಪಟ್ಟಿಯಲ್ಲೇ ಕಾಣುವುದಿಲ್ಲ. 'ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್' ಆರಿಸಿ. ಡ್ಯೂಪ್ಲೆಕ್ಸ್ ಅಂದರೆ ಎರಡೂ ಕಡೆ, ಕೇಳುವುದು ಮತ್ತು ಹೇಳುವುದು. ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಮೇಲೆ ಲ್ಯಾಪ್‌ಟಾಪ್ ಸ್ಪೀಕರ್ ಸುಮ್ಮನಾದರೂ ಮೊದಲು ಇಲ್ಲೇ ನೋಡಿ.

ಈಗ 'ಇನ್‌ಪುಟ್ ಡಿವೈಸಸ್'. ಪ್ರತಿ ಮೈಕಿನ ಕೆಳಗೂ ಒಂದು ಉದ್ದ ಪಟ್ಟಿ. ಮೈಕ್ ಹತ್ತಿರ ಚಿಟಿಕೆ ಹೊಡೆಯಿರಿ. ಯಾವ ಪಟ್ಟಿ ಕುಣಿಯುತ್ತದೋ ಅದೇ ನಿಮ್ಮ ಮೈಕ್. ಬಲಗಡೆಯ ಹಸಿರು ಟಿಕ್ ಗುರುತು ಒತ್ತಿದರೆ ಅದು ಖಾಯಂ ಆಗುತ್ತದೆ. ಪಕ್ಕದ ಸ್ಪೀಕರ್ ಚಿತ್ರ ಒತ್ತಿಹೋಗಿದ್ದರೆ ಮ್ಯೂಟ್ ಆಗಿದೆ ಎಂದರ್ಥ.

ಕಾಲ್ ನಡೆಯುತ್ತಿರುವಾಗಲೇ 'ರೆಕಾರ್ಡಿಂಗ್' ಟ್ಯಾಬ್ ತೆರೆಯಿರಿ. ಕಾಲ್ ಇಲ್ಲದಾಗ ಅದು ಖಾಲಿ. ಯಾವ ಅಪ್ಲಿಕೇಶನ್ ಯಾವ ಕಡೆಯಿಂದ ದನಿ ತೆಗೆದುಕೊಳ್ಳುತ್ತಿದೆ ಎಂದು ಅಲ್ಲಿ ಕಾಣುತ್ತದೆ. ನಮ್ಮ ಹುಡುಗಿಯ ಕಳ್ಳ ಸಿಕ್ಕಿಬಿದ್ದಿದ್ದು ಇಲ್ಲೇ. ಬ್ರೌಸರಿನ ಎದುರು 'ಮಾನಿಟರ್ ಆಫ್ ಬಿಲ್ಟ್-ಇನ್ ಆಡಿಯೊ' ಎಂದಿತ್ತು. ಮಾನಿಟರ್ ಅಂದರೆ ಪರದೆ ಅಲ್ಲ, ಸ್ಪೀಕರಿಗೆ ಹೋಗುವ ಸದ್ದಿನ ನಕಲು. ಹಿಂದಿನ ವಾರ ಯಾವುದೋ ಪಾಠ ರೆಕಾರ್ಡ್ ಮಾಡಲು ಅವಳೇ ಅದನ್ನು ಖಾಯಂ ಮಾಡಿಕೊಂಡು ಮರೆತಿದ್ದಳು. ಮೈಕ್‌ಗೆ ಬದಲಾಯಿಸಿದ ತಕ್ಷಣ ಪಟ್ಟಿ ಕುಣಿಯಿತು. ಆಗ ಗಂಟೆ ಹನ್ನೊಂದಕ್ಕೆ ಎಂಟು ನಿಮಿಷ ಇತ್ತು. ಬೈದಿದ್ದಕ್ಕೆ ಸಾರಿ ಹೇಳಲಿಲ್ಲ ಅನ್ನಿ.

4. ಇನ್ನೂ ಆಗಲಿಲ್ಲವೇ? ಆಲ್ಸಾಮಿಕ್ಸರ್

ಲಿನಕ್ಸ್‌ನಲ್ಲಿ ಸದ್ದಿಗೆ ಎರಡು ಅಂತಸ್ತು. ಕೆಳಗೆ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗಿರುವ ಆಲ್ಸಾ, ನೇರ ಸೌಂಡ್ ಕಾರ್ಡಿನ ಜೊತೆ ಮಾತಾಡುತ್ತದೆ. ಮೇಲೆ ಅಪ್ಲಿಕೇಶನ್‌ಗಳ ಸದ್ದನ್ನು ಹಂಚುವ ಸೌಂಡ್ ಸರ್ವರ್. ಬಹಳ ಕಾಲ ಅದು ಪಲ್ಸ್‌ಆಡಿಯೊ ಆಗಿತ್ತು, ಈಗ ಪೈಪ್‌ವೈರ್. ಲಿನಕ್ಸ್‌ನ ಬೇರೆ ಬೇರೆ ಬಗೆಗಳಲ್ಲಿ ಫೆಡೋರಾ 2021ರಲ್ಲಿ, ಉಬುಂಟು 22.10ನೇ ಆವೃತ್ತಿಯಲ್ಲಿ, ಲಿನಕ್ಸ್ ಮಿಂಟ್ 22ನೇ ಆವೃತ್ತಿಯಲ್ಲಿ ಬದಲಾಯಿಸಿಕೊಂಡವು. ಪೈಪ್‌ವೈರ್ ಹಳೆಯದರ ಭಾಷೆಯನ್ನೂ ಮಾತಾಡುವುದರಿಂದ ಪಾವುಕಂಟ್ರೋಲ್ ಎರಡಕ್ಕೂ ನಡೆಯುತ್ತದೆ. ಇಂಟರ್‌ನೆಟ್ಟಿನಲ್ಲಿ 'ಪಲ್ಸ್‌ಆಡಿಯೊ ಕಿತ್ತುಹಾಕಿ' ಎಂಬ ಹಳೇ ಸಲಹೆ ಸಿಕ್ಕರೆ ದಯವಿಟ್ಟು ಕೇಳಬೇಡಿ. ಡೆಸ್ಕ್‌ಟಾಪಿನ ಬೇರೆ ಭಾಗಗಳೂ ಜೊತೆಗೆ ಕಿತ್ತು ಬರಬಹುದು.

ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (ಎ, ಎಲ್, ಎಸ್, ಎ ಅಕ್ಷರಗಳಿಗೆ ಅಂಟಿಸಿ 'ಮಿಕ್ಸರ್') ಎಂದು ಬರೆದು ಎಂಟರ್ ಒತ್ತಿ. ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ. ಕಂಬಗಳ ಬುಡದಲ್ಲಿ ಎರಡು 'ಎಂ' ಕಂಡರೆ ಅದು ಬಂದ್ ಆಗಿದೆ. ಎಂ ಕೀ ಒತ್ತಿದರೆ ಎರಡು ಸೊನ್ನೆಗಳಾಗಿ ತೆರೆದುಕೊಳ್ಳುತ್ತದೆ. ಎಫ್4 ಒತ್ತಿದರೆ ಮೈಕಿನ ಕಡೆ. ಅಲ್ಲಿ 'ಕ್ಯಾಪ್ಚರ್' ಕಂಬದ ಮೇಲೆ ನಿಂತು ಸ್ಪೇಸ್ ಬಾರ್ ಒತ್ತಿ ಚಾಲೂ ಮಾಡಿ. ದನಿ ತುಂಬಾ ಸಣ್ಣದಾದರೆ 'ಮೈಕ್ ಬೂಸ್ಟ್' ಒಂದು ಮೆಟ್ಟಿಲು ಏರಿಸಿ. ಜಾಸ್ತಿ ಏರಿಸಿದರೆ ಫ್ಯಾನಿನ ಸದ್ದೇ ನಿಮಗಿಂತ ಜೋರಾಗಿ ಮಾತಾಡುತ್ತದೆ. ಹೆಡ್‌ಫೋನ್ ತೆಗೆದರೂ ಸ್ಪೀಕರ್ ಬಾರದಿದ್ದರೆ 'ಆಟೊ-ಮ್ಯೂಟ್' ಅನ್ನು ಡಿಸೇಬಲ್ಡ್ ಮಾಡಿ ನೋಡಿ.

5. ಬ್ಲೂಟೂತ್

ಹಾಡು ಚೆನ್ನಾಗಿದೆ, ಕಾಲ್ ಬಂದ ಕೂಡಲೇ ಡಬ್ಬದೊಳಗಿಂದ ಕೇಳಿದ ಹಾಗಿದೆ ಅಲ್ವಾ? ಇದು ಕೆಟ್ಟದ್ದಲ್ಲ. ಬ್ಲೂಟೂತ್‌ನಲ್ಲಿ ಹಾಡು ಕೇಳಲಿಕ್ಕಿರುವ ಎ2ಡಿಪಿ ಪ್ರೊಫೈಲಿನಲ್ಲಿ ಸದ್ದು ಚೆನ್ನ, ಆದರೆ ಮೈಕ್ ಇಲ್ಲ. ಮೈಕ್ ಬೇಕೆಂದಾಗ ಕಾಲ್‌ಗಾಗಿ ಇರುವ ಎಚ್‌ಎಫ್‌ಪಿ ಪ್ರೊಫೈಲಿಗೆ ಇಳಿಯುತ್ತದೆ, ಗುಣಮಟ್ಟವೂ ಇಳಿಯುತ್ತದೆ. ಕಿವಿಗೆ ಬ್ಲೂಟೂತ್, ಮಾತಿಗೆ ಲ್ಯಾಪ್‌ಟಾಪಿನದೇ ಮೈಕ್ ಇಟ್ಟುಕೊಳ್ಳಿ.

6. 'ಡಮ್ಮಿ ಔಟ್‌ಪುಟ್' ಎಂದು ಕಂಡರೆ

ಸೌಂಡ್ ಸರ್ವರಿಗೆ ಕಾರ್ಡೇ ಸಿಕ್ಕಿಲ್ಲ ಎಂದರ್ಥ. ಮೊದಲು ಲಾಗ್ ಔಟ್ ಆಗಿ ಒಳಗೆ ಬನ್ನಿ. ಆಗದಿದ್ದರೆ ಯಂತ್ರವನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆಗಲೂ ಇಲ್ಲವೆಂದರೆ, ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಸೌಂಡ್ ಓಪನ್ ಫರ್ಮ್‌ವೇರ್ (ಸೌಂಡ್ ಚಿಪ್ ಓಡಲು ಬೇಕಾದ ಫೈಲುಗಳು) ಕಾಣೆಯಾಗಿರುತ್ತದೆ. ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್‌ನಲ್ಲಿ ಅದರ ಪ್ಯಾಕೇಜ್ 'ಫರ್ಮ್‌ವೇರ್-ಸಾಫ್-ಸೈನ್ಡ್'. ಇಲ್ಲಿ ಸಾಫ್ ಎಂದರೆ ಎಸ್, ಓ, ಎಫ್. ಮಿಂಟ್‌ನಲ್ಲಾದರೆ ಅಪ್‌ಡೇಟ್ ಮ್ಯಾನೇಜರಿನ 'ವ್ಯೂ' ಮೆನುವಿನಿಂದ ಹೊಸ ಕರ್ನಲ್ ಹಾಕಿ ನೋಡಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಬಲ್ಲವರನ್ನು ಕೇಳಿ. ಕೇಳುವಾಗ 'ಸೌಂಡ್ ಬರ್ತಿಲ್ಲ' ಎಂದಷ್ಟೇ ಹೇಳಬೇಡಿ. ಟರ್ಮಿನಲ್‌ನಲ್ಲಿ ಐ, ಎನ್, ಎಕ್ಸ್, ಐ ಅಕ್ಷರಗಳನ್ನು ಅಂಟಿಸಿ ಬರೆದು, ಸ್ಪೇಸ್ ಬಿಟ್ಟು 'ಮೈನಸ್ ಎ' ಕೊಡಿ. ಈ 'ಎ' ಮಾತ್ರ ದೊಡ್ಡ ಅಕ್ಷರ. ಕಾರ್ಡ್ ಯಾವುದು, ಡ್ರೈವರ್ ಯಾವುದು, ನಡೆಯುತ್ತಿರುವುದು ಪೈಪ್‌ವೈರೋ ಪಲ್ಸ್‌ಆಡಿಯೊವೋ ಎಲ್ಲ ಬರುತ್ತದೆ. ಆ ಸಾಲುಗಳನ್ನು ಕಾಪಿ ಮಾಡಿ ಕಳಿಸಿ. ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಫೋಟೊ ತೆಗೆದು ಕಳಿಸಿದರೆ ಓದುವವರ ಕಣ್ಣಿಗೆ ಕಷ್ಟ.