ಬಿಚ್ಚಿಟ್ಟ ಮಂಗಳೂರು ಹೆಂಚು ಹೊಸ ತಾರಸಿಯೊಳಗೆ

ಕರಾವಳಿ, ಮಲೆನಾಡಿನಲ್ಲಿ ಹಳೆಯ ಮನೆ ಕೆಡವಿದಾಗ ತೊಲೆ, ಬಾಗಿಲುಗಳಿಗೆ ಗಿರಾಕಿಗಳು ಸಿಗುತ್ತಾರೆ. ಹೆಂಚು ಮಾತ್ರ ಹಿತ್ತಿಲಿನಲ್ಲಿ ಪಾಚಿ ಹಿಡಿಯುತ್ತಾ ಕೂರುತ್ತದೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನದಿಯಂಚಿನ ಜೇಡಿಮಣ್ಣನ್ನು ಸುಟ್ಟು ಮಾಡಿದ ಈ ಹೆಂಚಿಗಾಗಿ ಉರಿದ ಸೌದೆ ಎಷ್ಟೋ. ಅದನ್ನು ಪುಡಿ ಮಾಡಿ ಗುಂಡಿ ಮುಚ್ಚಲು ಸುರಿಯುವುದು ದೊಡ್ಡ ನಷ್ಟ.

ಹೆಂಚಿಗೆ ಅತ್ಯುತ್ತಮ ಜಾಗ ಮಾಡಿನ ಮೇಲೆಯೇ. ಇಳಿಜಾರು ಮಾಡು ಕಟ್ಟುವ ಅವಕಾಶವಿದ್ದರೆ ಅಲ್ಲಿಗೇ ಹಾಕಿ. ಸಮತಟ್ಟಾದ ತಾರಸಿಯೇ ಬೇಕು ಎಂದಾದರೆ ಫಿಲ್ಲರ್ ಸ್ಲ್ಯಾಬ್, ಅಂದರೆ ಕಾಂಕ್ರೀಟಿನ ಒಂದು ಭಾಗದ ಬದಲು ಹೆಂಚು ತುಂಬಿದ ತಾರಸಿ, ಮಾಡಬಹುದು. ತಿರುವನಂತಪುರದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇದನ್ನು ಕೇರಳದ ಸಾಮಾನ್ಯ ಮನೆಗಳಿಗೆ ತಲುಪಿಸಿದರು. ಹಳೆಯ ಹೆಂಚನ್ನು ಗೋಡೆಗೆ ಅಲಂಕಾರವಾಗಿ ಅಂಟಿಸುವುದನ್ನು ನಾನು ಮರುಬಳಕೆ ಎಂದು ಒಪ್ಪುವುದಿಲ್ಲ. ಅಲ್ಲಿ ಸಿಮೆಂಟ್ ಹೆಚ್ಚುತ್ತದೆಯೇ ಹೊರತು ಉಳಿಯುವುದಿಲ್ಲ.

ಫಿಲ್ಲರ್ ಸ್ಲ್ಯಾಬ್‌ನ ತತ್ವ ಸರಳ. ಭಾರ ಬಿದ್ದಾಗ ತಾರಸಿಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಒತ್ತಡವನ್ನು ಕಾಂಕ್ರೀಟ್ ತಡೆಯುತ್ತದೆ, ಹಿಗ್ಗುವ ಎಳೆತವನ್ನು ಕಬ್ಬಿಣದ ಸರಳು ಹೊರುತ್ತದೆ. ಕೆಳಗೆ ಸರಳುಗಳ ನಡುವೆ ಇರುವ ಕಾಂಕ್ರೀಟಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಜಾಗಕ್ಕೆ ಹೆಂಚು ಕೂರಿಸುತ್ತೇವೆ.

ಮೊದಲ ಹೆಜ್ಜೆ ಸ್ಟ್ರಕ್ಚರಲ್ ಎಂಜಿನಿಯರ್ ಬಳಿಗೆ. ಸರಳಿನ ಗಾತ್ರ, ಅಂತರ, ತಾರಸಿಯ ದಪ್ಪ ಅವರೇ ಹೇಳಬೇಕು. ಮೇಸ್ತ್ರಿಯ ಅಂದಾಜು ಸಾಲದು. ಹೊರಚಾಚಿದ ಬಾಲ್ಕನಿ, ಸ್ನಾನದ ಮನೆ, ನೀರಿನ ಟ್ಯಾಂಕ್ ಕೂರುವ ಜಾಗಗಳಲ್ಲಿ ಹೆಂಚು ಬೇಡ. ಗೋಡೆಗೆ ತಾಗುವ ಅಂಚಿನ ಪಟ್ಟಿಯೂ ಪೂರ್ತಿ ಕಾಂಕ್ರೀಟಿನದಾಗಿರಲಿ.

ಮುಂದಿನದು ಲೆಕ್ಕ. 3 ಮೀಟರ್ ಅಗಲ, 3.6 ಮೀಟರ್ ಉದ್ದದ ಕೋಣೆ ಎಂದುಕೊಳ್ಳೋಣ. ಹೆಂಚಿನ ಅಳತೆ ಸುಮಾರು 41 ಸೆಂಟಿಮೀಟರ್ ಉದ್ದ, 23.5 ಅಗಲ. ಸುತ್ತ 20 ಸೆಂಟಿಮೀಟರ್ ಅಂಚು ಬಿಟ್ಟು, ಹೆಂಚುಗಳ ನಡುವೆ 10 ಸೆಂಟಿಮೀಟರ್ ಕಾಂಕ್ರೀಟ್ ಪಟ್ಟಿ ಇಟ್ಟರೆ ಐದು ಸಾಲು, ಸಾಲಿಗೆ ಒಂಬತ್ತು, ಹೆಂಚು ಕೂರುವ ಒಟ್ಟು 45 ಗುಳಿಗಳು. ಗುಳಿಗೆ ಒಂದರ ಮೇಲೊಂದು ಎರಡರಂತೆ 90 ಹೆಂಚು. ಒಡೆಯುವುದಕ್ಕೆಂದು ಹತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ತಾರಸಿಯ ದಪ್ಪ 12.5 ಸೆಂಟಿಮೀಟರ್ ಇದ್ದರೆ ಕಾಂಕ್ರೀಟಿನಲ್ಲಿ ಸುಮಾರು ಐದನೇ ಒಂದು ಭಾಗ ಉಳಿತಾಯವಾಗುತ್ತದೆ. ಅಂದರೆ ಒಂದು ಕೋಣೆಗೆ ಹೆಚ್ಚುಕಡಿಮೆ ಎರಡು ಮೂಟೆ ಸಿಮೆಂಟ್. ತಾರಸಿಯ ತೂಕವೂ ನಾನೂರು ಕಿಲೋಗಿಂತ ಹೆಚ್ಚು ಇಳಿಯುತ್ತದೆ. ಸಿಮೆಂಟ್ ತಯಾರಿಸಲು ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆಗ ಉರುವಲಿನಿಂದ ಮಾತ್ರವಲ್ಲ, ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಈ ಎರಡು ಮೂಟೆ ನನಗೆ ಸಣ್ಣದಾಗಿ ಕಾಣುವುದಿಲ್ಲ. ಆದರೆ ಇದಕ್ಕಾಗಿ ಹೊಸ ಹೆಂಚು ಕೊಳ್ಳುವುದು, ನೂರಾರು ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ತರಿಸುವುದು ಬೇಡ.

ಹೆಂಚನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ನೋಡಿ. ಗಟ್ಟಿ ಹೆಂಚು ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಮಂದ ಸದ್ದು ಕೊಡುತ್ತದೆ. ಬಿರುಕಿನದನ್ನು ಬದಿಗಿಡಿ. ಪಾಚಿಯನ್ನು ಗಡುಸು ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಸೆಂಟ್ರಿಂಗ್ ಹಲಗೆಗಳು (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ತಾತ್ಕಾಲಿಕ ಹಲಗೆಗಳು) ಮಟ್ಟವಾಗಿ ಕೂತ ಮೇಲೆ ಸುಣ್ಣದ ದಾರದಿಂದ ಚೌಕಗಳನ್ನು ಗುರುತಿಸಿ. ಈ ಗೆರೆಗಳು ನೇರವಿದ್ದರೆ ಮಾತ್ರ ಕೆಳಗಿನಿಂದ ಕಾಣುವ ಸಾಲು ಚೆನ್ನಾಗಿರುತ್ತದೆ, ಅವಸರ ಬೇಡ. ಗೆರೆಗಳ ಪ್ರಕಾರ ಸರಳುಗಳನ್ನು ಎರಡೂ ದಿಕ್ಕಿನಲ್ಲಿ ಕಟ್ಟಿ, ಅವು ಹಲಗೆಗೆ ತಾಗದಂತೆ ಎತ್ತಿ ಹಿಡಿಯುವ ಸಣ್ಣ ಕವರ್ ಬ್ಲಾಕ್‌ಗಳನ್ನು ಕೆಳಗೆ ಇಡಿ. ವಿದ್ಯುತ್ ಪೈಪುಗಳು ಈ ಪಟ್ಟಿಗಳಲ್ಲೇ ಹಾಯಲಿ. ಫ್ಯಾನಿನ ಪೆಟ್ಟಿಗೆ ಬರುವ ಗುಳಿಯನ್ನು ಹೆಂಚಿಲ್ಲದೆ ಬಿಡಿ.

ಈಗ ಹೆಂಚು. ಕೋಣೆಯೊಳಗೆ ಕಾಣಬೇಕಾದ ಮುಖ ಕೆಳಗಿರಲಿ. ಅದರ ಮೇಲೆ ಇನ್ನೊಂದನ್ನು ಮಗುಚಿ ಇಡಿ. ನಡುವೆ ಉಳಿಯುವ ಗಾಳಿ ಬಿಸಿಲಿನ ಶಾಖವನ್ನು ಕೆಳಗೆ ಬೇಗ ಇಳಿಯಗೊಡುವುದಿಲ್ಲ. ಎರಡರ ಅಂಚನ್ನು ತೆಳುವಾದ ಗಾರೆಯಿಂದ ಮುಚ್ಚಿ, ಇಲ್ಲದಿದ್ದರೆ ಸಿಮೆಂಟಿನ ಹಾಲು ಒಳನುಗ್ಗಿ ಗಾಳಿಯ ಜಾಗ ತುಂಬಿಕೊಳ್ಳುತ್ತದೆ. ಸರಳು ಹೆಂಚಿಗೆ ತಾಗಕೂಡದು, ಸುತ್ತ ಕಾಂಕ್ರೀಟ್ ಹರಿಯಲು ಜಾಗ ಬೇಕು. ಕಾಂಕ್ರೀಟ್ ಹಾಕುವ ಮೊದಲು ಹೆಂಚು ಚೆನ್ನಾಗಿ ನೀರು ಕುಡಿದಿರಬೇಕು. ಈ ಕೆಲಸ ಬಿಟ್ಟರೆ ಒಣ ಹೆಂಚು ಕಾಂಕ್ರೀಟಿನ ನೀರನ್ನೇ ಹೀರಿ ಸುತ್ತಲಿನ ಭಾಗವನ್ನು ದುರ್ಬಲಗೊಳಿಸುತ್ತದೆ.

ಎಂ20 ದರ್ಜೆಯ (ಬಲವನ್ನು ಸೂಚಿಸುವ ದರ್ಜೆ) ಕಾಂಕ್ರೀಟಿಗೆ ಸಣ್ಣ ಜಲ್ಲಿ ಬಳಸಿದರೆ ಪಟ್ಟಿಗಳೊಳಗೆ ಸಲೀಸಾಗಿ ಇಳಿಯುತ್ತದೆ. ಕೆಲಸಗಾರರು ಹೆಂಚಿನ ಮೇಲಲ್ಲ, ಹಲಗೆಯ ಮೇಲೆ ನಡೆಯಲಿ. ಕಾಂಕ್ರೀಟನ್ನು ಅಲುಗಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಪಟ್ಟಿಗಳಲ್ಲಿ ಮಾತ್ರ ಇಳಿಯಲಿ. ಹೆಂಚಿನ ನೆತ್ತಿಯ ಮೇಲೆ ಕನಿಷ್ಠ ಎರಡು ಇಂಚು ಕಾಂಕ್ರೀಟ್ ಇರಲಿ. ಎರಡು ವಾರ ನೀರುಣಿಸಿ, ಆಧಾರದ ಕಂಬಗಳನ್ನು ಎಂಜಿನಿಯರ್ ಹೇಳುವವರೆಗೆ ತೆಗೆಯಬೇಡಿ.

ಸೆಂಟ್ರಿಂಗ್ ಬಿಚ್ಚಿದ ದಿನವೇ ಹೆಂಚಿನ ಮೇಲೆ ಅಂಟಿರುವ ಸಿಮೆಂಟನ್ನು ಒದ್ದೆ ಬಟ್ಟೆ, ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತಡವಾದಷ್ಟೂ ಅದು ಗಟ್ಟಿಯಾಗುತ್ತದೆ. ಒಳಗೆ ಪ್ಲಾಸ್ಟರಿಂಗ್ ಬೇಕಿಲ್ಲ, ಆ ಖರ್ಚೂ ಉಳಿಯಿತು. ಹೆಂಚು ಎಲ್ಲಿದೆ, ಪಟ್ಟಿ ಎಲ್ಲಿದೆ ಎಂಬ ನಕ್ಷೆಯನ್ನು ಮನೆಯ ಕಾಗದಪತ್ರಗಳ ಜೊತೆ ಇಡಿ: ಮುಂದೆ ದೀಪಕ್ಕೆ ಕೊಕ್ಕೆ ಹಾಕುವವರು ಡ್ರಿಲ್ ಅನ್ನು ಹೆಂಚಿಗಲ್ಲ, ಪಟ್ಟಿಗೆ ಹಿಡಿಯಬೇಕು, ಅದೂ ಸರಳಿಗೆ ತಾಗದಂತೆ.